ಬ್ಯಾಸಗಿ ಬಿಸಿಲಿಗೆ ಹೂತಿಟ್ಟ ಗಡಗಿ: ಮಾಳಿಗೆ ತೋಟ ಉಳಿಸುವ ಬಗೆ

ಏಪ್ರಿಲ್ ಬಂತೆಂದರೆ ಕಲಬುರಗಿಯ ಮಾಳಿಗೆಗಳ ಮೇಲೆ ಎರಡು ಹೊತ್ತು ನೀರುಂಡ ಬದನೆ ಗಿಡವೂ ಮಧ್ಯಾಹ್ನಕ್ಕೆ ಕತ್ತು ಚೆಲ್ಲಿರುತ್ತದೆ. ಪೈಪ್ ಹಿಡಿದು ಸುರಿದ ನೀರಿನ ಒಂದು ಪಾಲು ಎರೆಮಣ್ಣಿನ ಬಿರುಕಿನಲ್ಲಿ ಇಳಿದು ಗಿಡದ ಚೀಲದ ತಳದಿಂದ ಫರಸಿ ಕಲ್ಲಿನ ಹಾಸಿನ ಮೇಲೆ ಹರಿದುಹೋಗುತ್ತದೆ. ಇನ್ನೊಂದು ಪಾಲು ಬಿಸಿಲೇರಿದಂತೆ ಆವಿಯಾಗುತ್ತದೆ. ಬೇರಿಗೆ ದಕ್ಕುವುದು ಮಿಕ್ಕಷ್ಟೇ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ನೀರನ್ನು ಮೇಲಿಂದ ಸುರಿಯುವುದಕ್ಕಿಂತ ಮಣ್ಣಿನೊಳಗೇ ಇಡುವುದು ಲೇಸು. ಅದಕ್ಕೆ ಬೇಕಾದದ್ದು ಕುಂಬಾರರ ಒಂದು ಸಣ್ಣ ಗಡಗಿ.

ಸುಟ್ಟ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಸುತ್ತಲ ಮಣ್ಣು ಒಣಗಿದಾಗ ಅದು ಗಡಗಿಯ ನೀರನ್ನು ಹೀರಿಕೊಳ್ಳುತ್ತದೆ, ತೇವ ತುಂಬಿದಾಗ ಹೀರುವುದು ನಿಧಾನವಾಗುತ್ತದೆ. ಗಿಡ ಎಷ್ಟು ಕುಡಿಯುತ್ತದೋ ಹೆಚ್ಚುಕಡಿಮೆ ಅಷ್ಟೇ ಖರ್ಚು. ಟೈಮರ್, ಮೋಟರ್ ಯಾವುದೂ ಬೇಡ.

ಗಡಗಿ ಆರಿಸುವುದು

3 ಲೀಟರ್ ಹಿಡಿಯುವ, ಹೊಟ್ಟೆ ದೊಡ್ಡದಿದ್ದು ಬಾಯಿ ಸಣ್ಣದಿರುವ ಗಡಗಿ ಸಾಕು. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬೇಡ. ಅವುಗಳ ರಂಧ್ರ ಮುಚ್ಚಿರುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಠಣ್ ಎನ್ನಬೇಕು. ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ ಎಂದರ್ಥ.

ಹೂಳುವ ಮುನ್ನ ಒಂದು ಪರೀಕ್ಷೆ ಮಾಡಿ. ಸಂಜೆ ಕಂಠದವರೆಗೆ ನೀರು ತುಂಬಿ ನೆರಳಲ್ಲಿಡಿ. ಬೆಳಿಗ್ಗೆ ಹೊರಮೈ ಪೂರಾ ತೇವವಾಗಿ, ನೀರು ಒಂದೆರಡು ಬೆರಳು ಇಳಿದಿದ್ದರೆ ಸರಿ. ಹೊರಮೈ ಒಣಗಿಯೇ ಇದ್ದರೆ ಅದು ಕುಡಿಯುವ ನೀರಿಡಲೂ ಉಪಯೋಗವಿಲ್ಲ, ತೋಟಕ್ಕಂತೂ ಇಲ್ಲವೇ ಇಲ್ಲ. ತೊಟ್ಟಿಕ್ಕುತ್ತಿದ್ದರೆ ವಾಪಸ್ ಕೊಡಿ.

ಚೀಲ ಮತ್ತು ಭಾರ

40 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಚೀಲ ಅಥವಾ ಟಬ್ ತೆಗೆದುಕೊಳ್ಳಿ. ನೀರುಂಡ ಮೇಲೆ ಇದು ಸುಮಾರು 50 ಕೆ.ಜಿ. ತೂಗುತ್ತದೆ. ಓಡಾಡುವ ಆರ್‌ಸಿಸಿ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 150 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹಾಗಾಗಿ ಒಂದು ಚದರ ಮೀಟರ್‌ನಲ್ಲಿ ಮೂರು ಚೀಲದ ಮೇಲೆ ಹೋಗಬೇಡಿ, ಅವೂ ಗೋಡೆ ಮತ್ತು ತೊಲೆಯ ಸಾಲಿನಲ್ಲೇ ಇರಲಿ. ಹಳೆಯ ಮಣ್ಣಿನ ಮಾಳಿಗೆಯಿದ್ದರೆ ಈ ಆಸೆಯನ್ನೇ ಬಿಟ್ಟು ಅಂಗಳದಲ್ಲಿ ಮಾಡಿ.

ಚೀಲದ ಕೆಳಗೆ ಇಟ್ಟಂಗಿ ಕೊಟ್ಟು ನೆಲದಿಂದ 10 ಸೆಂ.ಮೀ. ಎತ್ತರಿಸಬೇಕು. ಕಾದ ಶಹಾಬಾದ್ ಫರಸಿ ಸೂರ್ಯ ಮುಳುಗಿದ ಮೇಲೂ ಬಿಸಿ ಉಗುಳುತ್ತಲೇ ಇರುತ್ತದೆ. ಅದರ ಮೇಲೆ ನೇರ ಕುಳಿತ ಚೀಲದಲ್ಲಿ ತಳದ ಬೇರು ಬೇಯುತ್ತದೆ. ಕಪ್ಪು ಅಥವಾ ಗಾಢ ಹಸಿರು ಬಣ್ಣದ ಚೀಲವಾದರೆ ಸುತ್ತ ಗೋಣಿತಟ್ಟು ಸುತ್ತಿ.

ಮಣ್ಣಿನ ಹದ

ಎರೆಮಣ್ಣು ಒಂದನ್ನೇ ತುಂಬುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಹೊಲದಲ್ಲಿ ಅದರಷ್ಟು ನೀರು ಹಿಡಿಯುವ ಮಣ್ಣಿಲ್ಲ, ನಿಜ. ಆದರೆ ಚೀಲದಲ್ಲಿ ಅದು ಹಸಿಯಾದಾಗ ಉಬ್ಬಿ ಉಸಿರು ಕಟ್ಟಿಸುತ್ತದೆ, ಒಣಗಿದಾಗ ಕುಗ್ಗಿ ಬೇರು ಹರಿಯುತ್ತದೆ. ಗಡಗಿಯ ಮೈಬಿಟ್ಟು ಸರಿದರಂತೂ ನೀರು ಹೀರುವ ಕೊಂಡಿಯೇ ಕಳಚುತ್ತದೆ.

ಮೇಲಿನ ಅಳತೆಯ ಒಂದು ಚೀಲಕ್ಕೆ, 10 ಲೀಟರ್ ಬಕೆಟ್ ಲೆಕ್ಕದಲ್ಲಿ: ಎರೆಮಣ್ಣು ಒಂದು, ಉರುಟು ಮರಳು ಒಂದು, ಪೂರ್ತಿ ಕಳಿತ ಗೊಬ್ಬರ ಒಂದೂವರೆ, ಕಳಿತ ತೊಗರಿ ಹೊಟ್ಟು ಅರ್ಧ, ಜೊತೆಗೆ 100 ಗ್ರಾಂ ಬೇವಿನ ಹಿಂಡಿ. ಮರಳಿನ ಬದಲು ಫರಸಿ ಕೊರೆದ ಪುಡಿ ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದು ಸುಣ್ಣಕಲ್ಲು, ಮೊದಲೇ ಕ್ಷಾರದ ಮಣ್ಣನ್ನು ಇನ್ನಷ್ಟು ಕೆಡಿಸುತ್ತದೆ.

ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಸುಲಭವಾಗಿ ನೀರು ಬಸಿಯುತ್ತದೆ. ಮರಳು ಬಿಟ್ಟು, ಆ ಜಾಗಕ್ಕೆ ಮಣ್ಣನ್ನೇ ಇನ್ನರ್ಧ ಬಕೆಟ್, ಗೊಬ್ಬರ ಇನ್ನರ್ಧ ಬಕೆಟ್ ಹಾಕಿ.

ತೊಗರಿ ಹೊಟ್ಟಿಗೆ ನಮ್ಮಲ್ಲಿ ಬರವಿಲ್ಲ. ಕಳಿಯುವ ಮುನ್ನವೇ ಬೆರೆಸಿದರೆ ಮಾತ್ರ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡವನ್ನು ಹಳದಿ ಮಾಡುತ್ತದೆ. ಸೆಗಣಿ ರಾಡಿ ಚಿಮುಕಿಸಿ, ಗೋಣಿ ಮುಚ್ಚಿ, ವಾರಕ್ಕೊಮ್ಮೆ ತಿರುವಿ 40 ದಿನ ಕಳಿಯಲು ಬಿಡಿ. ಮುಟ್ಟಿದರೆ ಬಿಸಿ ತಟ್ಟಬಾರದು, ಮಣ್ಣಿನ ವಾಸನೆ ಬರಬೇಕು. ಆಗ ಹದ ಬಂದಂತೆ.

ಹೂಳುವುದು, ನೆಡುವುದು

ಚೀಲದ ತಳದ ತೂತುಗಳು ತೆರೆದಿವೆಯೇ ನೋಡಿಕೊಂಡು ಮೂರನೇ ಒಂದು ಭಾಗ ಮಣ್ಣು ತುಂಬಿ. ನಡುವೆ ಗಡಗಿ ಇಟ್ಟು, ಅದರ ಸುತ್ತ ಎರಡು ಬೆರಳಷ್ಟು ಬರೀ ಮರಳು ಮತ್ತು ಗೊಬ್ಬರ ಸಮಪಾಲು ಬೆರೆಸಿ ಒತ್ತಿ, ಆಮೇಲೆ ಉಳಿದ ಮಣ್ಣು ತುಂಬಿ. ಎರೆಮಣ್ಣು ಉಬ್ಬುವಾಗ ಗಡಗಿ ಒಡೆಯದಂತೆ ಕಾಯುವುದು ಈ ಪದರವೇ. ಕಂಠ ಮಣ್ಣಿನಿಂದ 3 ಸೆಂ.ಮೀ. ಮೇಲಿರಲಿ. ಬಾಯಿಗೆ ತಟ್ಟೆಯೋ ಫರಸಿ ತುಂಡೋ ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ನೀವು ಬೆಳೆಯುವುದು ಡೆಂಗಿ ಸೊಳ್ಳೆ.

ಗಡಗಿಯಿಂದ ಒಂದು ಗೇಣಿನೊಳಗೆ ಸಸಿ ನೆಡಿ: ಬದನೆಯಾದರೆ ಎರಡು, ಚವಳಿ ನಾಲ್ಕು, ಚಪ್ಪರ ಕಟ್ಟಿದರೆ ಹೀರಿ ಎರಡು. ಬೀಜ ಬಿತ್ತಿದರೆ ಮೊದಲ ಎರಡು ವಾರ ಮೇಲಿಂದಲೂ ನೀರು ಚಿಮುಕಿಸಲೇಬೇಕು. ಗಡಗಿ ಒಳಗಿನ ಮಣ್ಣನ್ನು ತೇವ ಮಾಡುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ. ‘ಗಡಗಿ ಇಟ್ಟೆವು, ಬೀಜ ಏಳಲೇ ಇಲ್ಲ’ ಎಂಬ ದೂರಿನ ಮೂಲ ಇದು. ನಂತರ 5 ಸೆಂ.ಮೀ. ದಪ್ಪ ತೊಗರಿ ಸಿಪ್ಪೆ ಅಥವಾ ಒಣ ಎಲೆ ಹೊದಿಸಿ.

ಮೆಂತ್ಯ, ಕೊತ್ತಂಬರಿಯನ್ನು ಈ ಬಿಸಿಲಿಗೆ ಒಡ್ಡಬೇಡಿ. ಅವು ಅಕ್ಟೋಬರ್‌ನಿಂದ ಜನವರಿವರೆಗಿನ ಬೆಳೆ. ಟೊಮ್ಯಾಟೊ ಹಗಲು 35 ಡಿಗ್ರಿ ದಾಟಿದರೆ ಹೂ ಉದುರಿಸುತ್ತದೆ, ಗಿಡ ಮಾತ್ರ ಹಸಿರಾಗಿ ನಿಂತು ಆಸೆ ತೋರಿಸುತ್ತದೆ. ಪುಂಡಿ, ರಾಜಗಿರಿ, ಚವಳಿ, ಬೆಂಡಿ ಬಿಸಿಲಿಗೆ ತಡೆಯುತ್ತವೆ.

50 ಪ್ರತಿಶತ ನೆರಳಿನ ಬಲೆಯನ್ನು 2 ಮೀಟರ್ ಎತ್ತರದಲ್ಲಿ ಕಟ್ಟಿ, ಪಡುವಣ ಬದಿಯಲ್ಲಿ ಕೆಳಗಿನವರೆಗೆ ಇಳಿಬಿಡಿ. ಸುಡುವುದು ಇಳಿಹೊತ್ತಿನ ಬಿಸಿಲು. ಜೂನ್ ಆರಂಭದ ಮಿರಗದ ಮಳೆ ಹಿಡಿದ ಮೇಲೆ ಬಲೆ ಬಿಚ್ಚದಿದ್ದರೆ ಗಿಡ ಬಿಳಿಚಿ ಉದ್ದವಾಗುತ್ತದೆ.

ನೀರು ಮತ್ತು ಉಪ್ಪು

ಕಡು ಬೇಸಿಗೆಯಲ್ಲಿ ಗಡಗಿಯನ್ನು ದಿನಾ ಬೆಳಿಗ್ಗೆ ಮೇಲ್ತುಂಬಿಸಿ, ಅರ್ಧಕ್ಕಿಂತ ಕೆಳಗೆ ಇಳಿಯಬಿಡಬೇಡಿ. ಮಧ್ಯಾಹ್ನ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ಕಾದ ನೀರು ಬೇಡ.

ಸುಣ್ಣಕಲ್ಲಿನ ನಾಡಿನ ಬೋರ್‌ವೆಲ್ ನೀರು ಗಡಸು. ಬರುಬರುತ್ತಾ ಉಪ್ಪು ಕಟ್ಟಿ ಗಡಗಿಯ ರಂಧ್ರ ಮುಚ್ಚುತ್ತದೆ. ಮಣ್ಣಿನ ಮೇಲೂ ಬಿಳಿ ಪೊರೆ ಕಾಣುತ್ತದೆ. ಎರಡು ದಿನವಾದರೂ ಗಡಗಿ ನೀರು ಇಳಿಯದೆ, ಗಿಡ ಮಾತ್ರ ಬಾಡುತ್ತಿದ್ದರೆ ಕಾರಣ ಇದೇ. ಗಡಗಿ ತೆಗೆದು ತೆಂಗಿನ ನಾರಿನಿಂದ ತಿಕ್ಕಿ, ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ರಾತ್ರಿಯಿಡೀ ನೆನೆಸಿ, ತೊಳೆದು ಮತ್ತೆ ಹೂಳಿ. ಮೂರು ವಾರಕ್ಕೊಮ್ಮೆ ಮೇಲಿಂದ 10 ಲೀಟರ್ ನೀರು ಸುರಿದರೆ ಮಣ್ಣಿನ ಉಪ್ಪು ತಳದಿಂದ ಬಸಿಯುತ್ತದೆ.

ನೀರು ಉಳಿಸುವ ಉಮೇದಿನಲ್ಲಿ ಆರ್‌ಒ ಯಂತ್ರ ಹೊರಬಿಟ್ಟ ನೀರನ್ನೂ, ಕೂಲರ್‌ನ ತಳದ ನೀರನ್ನೂ ಗಡಗಿಗೆ ಸುರಿಯುವವರಿದ್ದಾರೆ. ಎರಡರಲ್ಲೂ ಉಪ್ಪು ಒತ್ತಟ್ಟಿಗೆ ಸೇರಿರುತ್ತದೆ. ಅವು ನೆಲ ಒರೆಸಲು ಆದೀತು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಬಕೆಟ್ ಇಟ್ಟು ಹಿಡಿಯಿರಿ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆಯಾದರೆ ಗೊಬ್ಬರದ ಕೊರತೆ, ಎರಡು ಬೊಗಸೆ ಎರೆಹುಳು ಗೊಬ್ಬರ ಸಾಕು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಫರಸಿ ಮೇಲೆ ಬಿದ್ದರೆ ತಕ್ಷಣ ತೊಳೆಯಿರಿ, ಆ ತುಕ್ಕಿನ ಕಲೆ ಹೋಗುವುದಿಲ್ಲ.