ಸಭೆಯಲ್ಲಿ ಆಂಪ್ ಇಲ್ಲದೆ ಗಿಟಾರ್: ಮಾಡೆಲರ್ ಜೊತೆ ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಈಗ ವೇದಿಕೆ ಮೇಲೆ ಗಿಟಾರ್ ಆಂಪ್ ಇಲ್ಲ. ಕಾಲ ಹತ್ತಿರ ಒಂದು ಎಚ್‌ಎಕ್ಸ್ ಸ್ಟಾಂಪ್ (ಆಂಪ್, ಎಫೆಕ್ಟ್‌ಗಳ ಸದ್ದನ್ನು ನಕಲು ಮಾಡುವ ಡಿಜಿಟಲ್ ಪೆಡಲ್, ಅಂದರೆ ಮಾಡೆಲರ್), ಅಲ್ಲಿಂದ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಸಣ್ಣ ಪೆಟ್ಟಿಗೆ), ಅಲ್ಲಿಂದ ಮಿಕ್ಸರ್. ಅಷ್ಟೇ. ಇದು ಆಗಲ್ಲ ಅಂದವರು ಬಹಳ ಜನ. "ಡಬ್ಬಿ ಒಳಗಿಂದ ಬಂದ ಹಾಗಿದೆ" ಅಂದರು ನಮ್ಮ ಸೌಂಡ್ ನೋಡಿಕೊಳ್ಳುವ ಅಣ್ಣ. ಬೇರೆ ಸಭೆಯಲ್ಲಿ ಲೀಡ್ ನುಡಿಸುವ ಗೆಳೆಯನೊಬ್ಬ "ಆ ದುಡ್ಡಿಗೆ ಒಳ್ಳೆ ಟ್ಯೂಬ್ ಆಂಪ್ ಬರುತ್ತೆ" ಅಂದ. ಈಗ ಅವನೇ ನನ್ನ ಪ್ಯಾಚ್ (ಅದರಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಕೊಡು ಅಂತ ಕೇಳುತ್ತಿದ್ದಾನೆ. ಹಾಗಾಗಿ ಎಲ್ಲವನ್ನೂ ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ಶೀಟ್ ಹಾಕಿದ ಹಾಲ್. ನೂರೈವತ್ತು ಜನ ಹಿಡಿಸುತ್ತದೆ. 30 ವಾಟ್ ಆಂಪ್ ಜೀವ ಪಡೆಯುವಷ್ಟು ವಾಲ್ಯೂಮ್ ಕೊಟ್ಟರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಾಡುವವರ ಮೈಕಿಗೂ ಗಿಟಾರೇ ನುಗ್ಗುತ್ತದೆ. ಕಡಿಮೆ ಮಾಡಿದರೆ ಟೋನ್ ಸತ್ತುಹೋಗುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಕಥೆಯೇ.

ದುಡ್ಡಿನ ವಿಷಯ. ಮೊದಲು ಒಂಬತ್ತು ಸಾವಿರದ ಆಸುಪಾಸಿನ ಒಂದು ಮಲ್ಟಿ ಎಫೆಕ್ಟ್ಸ್ ತಂದೆ. ವಾರಂಟಿ ಮುಗಿಯುವ ಮೊದಲೇ ಅದರ ಸ್ವಿಚ್ ಕೈಕೊಟ್ಟಿತು. ಅಂಗಡಿಯವರು ಮುಂದಿನ ವಾರ, ಮುಂದಿನ ವಾರ ಅಂತ ತಿಂಗಳುಗಟ್ಟಲೆ ತಳ್ಳಿದರು. ಕೊನೆಗೆ ನಾಲ್ಕು ಸಾವಿರಕ್ಕೆ ಮಾರಿದೆ. ಆಮೇಲೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಎಚ್‌ಎಕ್ಸ್ ಸ್ಟಾಂಪ್ ಸಿಕ್ಕಿತು, ಮೂವತ್ತೆಂಟು ಸಾವಿರ ಚಿಲ್ಲರೆಗೆ. ಲೈನ್ 6 ಇದನ್ನು ಬಿಟ್ಟಿದ್ದು 2018ರಲ್ಲಿ, ಹಾಗಾಗಿ ಹಳೆಯ ಪೀಸ್‌ಗಳು ಸಿಗುತ್ತವೆ. ಕೊಳ್ಳುವಾಗ ಎರಡು ವಿಷಯ ನೋಡಿ. ಒರಿಜಿನಲ್ ಅಡಾಪ್ಟರ್ ಇರಲೇಬೇಕು. ಇದಕ್ಕೆ 9 ವೋಲ್ಟ್, 3 ಆಂಪಿಯರ್ ಬೇಕು, ಸಾಮಾನ್ಯ ಪೆಡಲ್ ಅಡಾಪ್ಟರ್ ಸಾಲುವುದಿಲ್ಲ. ಇನ್ನೊಂದು ಫರ್ಮ್‌ವೇರ್. 3.0ಕ್ಕಿಂತ ಹಳೆಯದಿದ್ದರೆ ಒಂದು ಪ್ಯಾಚ್‌ನಲ್ಲಿ ಆರೇ ಬ್ಲಾಕ್ (ಆಂಪ್, ಡಿಲೇ, ರಿವರ್ಬ್ ಹೀಗೆ ಒಂದೊಂದೂ ಒಂದು ಬ್ಲಾಕ್), ಅಪ್‌ಡೇಟ್ ಮಾಡಿದರೆ ಎಂಟು. ಡಿಐ ಬಾಕ್ಸ್, ಕೇಬಲ್, ಸಣ್ಣ ಯುಪಿಎಸ್ ಎಲ್ಲ ಸೇರಿ ಹತ್ತಿರ ಹತ್ತಿರ ಐವತ್ತು ಸಾವಿರ ಆಯಿತು. ಹಳೆ ಆಂಪ್ ಮಾರಿದ್ದರಿಂದ ಹನ್ನೆರಡು ಸಾವಿರ ವಾಪಸ್ ಬಂತು.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಮಾಡಿದ ಪ್ಯಾಚ್ ಮನೆಯಲ್ಲಿ ಸ್ವರ್ಗ. ಭಾನುವಾರ ಹಾಲ್‌ನಲ್ಲಿ ಅದೇ ಪ್ಯಾಚ್ ಕೆಳಗೆ ಗುಂಯ್ ಅಂತು, ಮೇಲೆ ಕಿವಿ ಕೊರೆಯಿತು. "ಡಬ್ಬಿ" ಅನ್ನುವ ಮಾತು ಬಂದಿದ್ದು ಆಗಲೇ. ಎಷ್ಟೋ ಭಾನುವಾರ ಹೀಗೇ ಹೋದವು. ಇನ್ನೊಂದು ಐಆರ್ (ಸ್ಪೀಕರ್ ಅಥವಾ ಗಿಟಾರಿನ ಸದ್ದಿನ ಗುಣ ಹಿಡಿದಿಟ್ಟ ಫೈಲ್) ಕೊಂಡುಕೋ ಅಂದರು ಕೆಲವರು. ಕೊಳ್ಳಲಿಲ್ಲ. ಒಂದು ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಪಿಎಯನ್ನು (ಹಾಲ್‌ನ ಸ್ಪೀಕರ್ ವ್ಯವಸ್ಥೆಯನ್ನು) ಭಾನುವಾರದ ಮಟ್ಟಕ್ಕೇ ಏರಿಸಲು ಆ ಅಣ್ಣನನ್ನು ಒಪ್ಪಿಸಿದೆ. ಉದ್ದದ ಕೇಬಲ್ ಹಾಕಿ ಹಾಲ್ ಮಧ್ಯದಲ್ಲಿ ನಿಂತು ಎಲ್ಲ ಪ್ಯಾಚನ್ನೂ ಮತ್ತೆ ಮೊದಲಿಂದ ಮಾಡಿದೆ. ನಿಜವಾದ ಕೆಲಸ ಆಗಿದ್ದು ಅಲ್ಲಿ. ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಬ್ಲಾಕ್‌ನಲ್ಲಿ ಲೋ ಕಟ್ 110 ಹರ್ಟ್ಜ್ ಸುತ್ತ, ಹೈ ಕಟ್ 5.5 ಕಿಲೋಹರ್ಟ್ಜ್ ಸುತ್ತ, ಅಂದರೆ ಅದಕ್ಕಿಂತ ಕೆಳಗಿನ ಮತ್ತು ಮೇಲಿನ ಸದ್ದು ಕಡಿತ. ಆಂಪ್ ಎಸೆಕ್ಸ್ ಎ30, ಅಂದರೆ ವಾಕ್ಸ್ ಎಸಿ30 ಆಂಪ್‌ನ ನಕಲು. ಗೇನ್ ಮನೆಯಲ್ಲಿ ಇಷ್ಟಪಟ್ಟದ್ದರ ಅರ್ಧ. ಒಬ್ಬರೇ ಕೇಳಿದರೆ ಈ ಟೋನ್ ಸ್ವಲ್ಪ ಮಂಕು ಅನಿಸಬಹುದು. ಕೀಬೋರ್ಡ್, ಡ್ರಮ್ಸ್, ಇಡೀ ಸಭೆಯ ಹಾಡು ಸೇರಿದಾಗ ಅದು ಸರಿಯಾದ ಜಾಗದಲ್ಲಿ ಕೂರುತ್ತದೆ.

ಸ್ಟೀರಿಯೋ ಬಿಟ್ಟುಬಿಡಿ. ನಮ್ಮ ಪಿಎ ಮೋನೋ, ನಿಮ್ಮದೂ ಬಹುಶಃ ಅದೇ. ಪಿಂಗ್‌ಪಾಂಗ್ ಡಿಲೇ (ಎಡಕ್ಕೂ ಬಲಕ್ಕೂ ಪುಟಿಯುವ ಪ್ರತಿಧ್ವನಿ) ಸುಮ್ನೆ ಬ್ಲಾಕ್ ತಿನ್ನುತ್ತದೆ.

ಡಿಲೇ ಬಗ್ಗೆ ಜಾಸ್ತಿ ಹೇಳಬೇಕು. ಎಲ್ಲರೂ ಡಾಟೆಡ್ ಎಯ್ಟ್ತ್ ಹಾಕುತ್ತಾರೆ, ಅಂದರೆ ಮುಕ್ಕಾಲು ಬೀಟ್‌ಗೊಂದು ರಿಪೀಟ್. 72 ಬಿಪಿಎಂ ಇದ್ದರೆ 625 ಮಿಲಿಸೆಕೆಂಡ್. ನಾಲ್ಕರ ಹಾಡಿಗೆ ಚೆನ್ನಾಗಿದೆ. ಆದರೆ ನಾವು ಹಾಡುವ ಕನ್ನಡ ಹಾಡುಗಳಲ್ಲಿ ಎಷ್ಟೊಂದು 6/8, ಅಲ್ವಾ? ಅಲ್ಲಿ ಒಂದು ಮತ್ತು ನಾಲ್ಕನೇ ಪೆಟ್ಟಿಗೆ ಟ್ಯಾಪ್ ಮಾಡಿ (ವೇಗ ತಿಳಿಸಲು ಸ್ವಿಚ್ ಒತ್ತಿ) ಡಾಟೆಡ್ ಇಟ್ಟರೆ ಪ್ರತಿಧ್ವನಿ ತಾಳಕ್ಕೆ ಅಡ್ಡ ಬೀಳುತ್ತದೆ. ಡ್ರಮ್ಮರ್ ತಿರುಗಿ ನೋಡುತ್ತಾನೆ. ಟ್ರಿಪ್ಲೆಟ್‌ಗೆ ಬದಲಾಯಿಸಿ. 1/8 ಟ್ರಿಪ್ಲೆಟ್ ಇಟ್ಟರೆ ಪ್ರತಿ ಸಣ್ಣ ಪೆಟ್ಟಿಗೂ ಒಂದು ರಿಪೀಟ್ ಬೀಳುತ್ತದೆ, 1/4 ಟ್ರಿಪ್ಲೆಟ್ ಇಟ್ಟರೆ ಎರಡು ಪೆಟ್ಟಿಗೆ ಒಂದು. ನಾನು ಎರಡನೆಯದನ್ನೇ ಬಳಸುತ್ತೇನೆ, ಮಿಕ್ಸ್ 25 ಪರ್ಸೆಂಟ್ ದಾಟಿಸದೆ. ನಮ್ಮಲ್ಲಿ ಕ್ಲಿಕ್ (ತಾಳ ಹಿಡಿಯುವ ಮೆಟ್ರೊನೋಮ್ ಸದ್ದು) ಇಲ್ಲ. ಹಾಡು ನಡುವೆ ಓಡಿದರೆ ಕಾಲಲ್ಲೇ ಮತ್ತೆ ಟ್ಯಾಪ್ ಮಾಡುತ್ತೇನೆ. ಒಂದೇ ಪ್ರಿಸೆಟ್ (ಪ್ಯಾಚ್) ಒಳಗೆ ಸ್ನ್ಯಾಪ್‌ಶಾಟ್ (ಅದೇ ಬ್ಲಾಕ್‌ಗಳ ಬೇರೆ ಸೆಟ್ಟಿಂಗ್) ಬಳಸಿ: ಚರಣಕ್ಕೊಂದು, ಪಲ್ಲವಿಗೊಂದು, ಏರುವ ಜಾಗಕ್ಕೊಂದು. ಹಾಡಿನ ಮಧ್ಯೆ ಪ್ರಿಸೆಟ್ ಬದಲಿಸಿದರೆ ಡಿಲೇ ಬಾಲ ಕತ್ತರಿಸಿಹೋಗುತ್ತದೆ.

ಮಳೆಗಾಲಕ್ಕೆ ಬೇರೆಯೇ ಪ್ಯಾಚ್ ಇದೆ. ಆರಿದ್ರಾ ಮಳೆ ಶೀಟ್ ಮೇಲೆ ಬಿದ್ದಾಗ ರಿವರ್ಬ್ ಎಲ್ಲಾ ಆ ಸದ್ದಿನಲ್ಲಿ ಕರಗಿ ಗಿಟಾರ್ ದೂರ ಹೋಗುತ್ತದೆ. ಆಗ ರಿವರ್ಬ್ ಅರ್ಧಕ್ಕಿಳಿಸಿ, ಮಿಡ್ ಏರಿಸಿ, ಹೈ ಕಟ್ ಸ್ವಲ್ಪ ಮೇಲೆ ಬಿಡುತ್ತೇನೆ. ಬೇಸಿಗೆಯಲ್ಲಿ ಈ ಪ್ಯಾಚ್ ಒರಟು. ಜುಲೈನಲ್ಲಿ ಇದೇ ಬೇಕು.

ಹಮ್ ಬಹಳ ಕಾಡಿತು. ಪ್ರೊಜೆಕ್ಟರ್ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಗುಂಯ್. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಒತ್ತಿದ ಮೇಲೆ ನಿಂತಿತು. ಎಚ್‌ಎಕ್ಸ್ ಸ್ಟಾಂಪ್‌ಗೆ ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲ್‌ನ ಮೂರು ಪಿನ್ ಸಾಕೆಟ್) ಇಲ್ಲ. ಒಂದು ಕೇಬಲ್ ಹಾಕಿ ನೇರ ಮಿಕ್ಸರ್‌ಗೆ ಹೋಗೋಣ ಅಂತ ಅನಿಸುತ್ತದೆ. ಆದರೆ ನಮ್ಮ ಮಿಕ್ಸರ್‌ನಲ್ಲಿ 48 ವೋಲ್ಟ್ ಫ್ಯಾಂಟಮ್‌ಗೆ (ಮೈಕಿಗೆ ಕೇಬಲ್‌ನಲ್ಲೇ ಹೋಗುವ ಕರೆಂಟ್) ಎಲ್ಲ ಚಾನೆಲ್‌ಗೂ ಸೇರಿ ಒಂದೇ ಬಟನ್. ಕ್ವಾಯರ್ ಮೈಕಿಗೋಸ್ಕರ ಅದು ಯಾವಾಗಲೂ ಆನ್, ನೇರ ಹಾಕಿದರೆ ಮಾಡೆಲರ್‌ಗೂ ನುಗ್ಗಬಹುದು. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಮಧ್ಯೆ ಇದ್ದರೆ ಆ ಕರೆಂಟ್ ಯೂನಿಟ್ ತಲುಪುವುದಿಲ್ಲ. ಇಲ್ಲಿ ಉಳಿತಾಯ ಮಾಡಬೇಡಿ.

ಬೇರೆ ಪ್ರಯೋಗಗಳೂ ನಡೆದವು. ಬೇಸ್ ಗಿಟಾರನ್ನೂ ಇದಕ್ಕೇ ಹಾಕಿ ನೋಡಿದೆವು, ಪರವಾಗಿಲ್ಲ. ನನ್ನ ಅಕೌಸ್ಟಿಕ್ ಗಿಟಾರಿನ ಪಿಯೆಜೋ ಪಿಕಪ್‌ಗೆ ಇಂಟರ್‌ನೆಟ್‌ನಲ್ಲಿ ಸಿಕ್ಕ ಉಚಿತ ಐಆರ್ ಹಾಕಿದೆ. ಆ ಪ್ಲಾಸ್ಟಿಕ್ ಸದ್ದು ಮುಕ್ಕಾಲು ಭಾಗ ಹೋಯಿತು. ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹಿಡಿಯುವ ಮೆತ್ತನೆ ಸ್ವರ). ಕೀಬೋರ್ಡ್‌ನವರು ಬಾರದ ಒಂದು ಭಾನುವಾರ ರಿವರ್ಬ್ ಡಿಕೇ ಪೂರ್ತಿ ಏರಿಸಿ, ಪೆಡಲ್‌ನಿಂದ ವಾಲ್ಯೂಮ್ ನಿಧಾನ ಎತ್ತಿ, ಪ್ರಾರ್ಥನೆಯ ಉದ್ದಕ್ಕೂ ಡಿ ಸ್ವರ ಹಿಡಿದೆ. ಪಾಸ್ಟರ್ ಆಮೇಲೆ ಕೀಬೋರ್ಡ್ ಯಾರು ನುಡಿಸಿದ್ದು ಅಂತ ಕೇಳಿದರು. ಆ ಪ್ಯಾಚ್‌ನಲ್ಲಿ ಆಂಪ್‌ಗೆ ಮೊದಲು ಏನಿದೆ, ವಾಲ್ಯೂಮ್ ಎಲ್ಲಿ ಕೂತಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಒಂದು ಮಳೆಗಾಲ ಹಿಡಿಯಿತು.

ಕೊನೆಯದು ಕರೆಂಟ್. ಕರೆಂಟ್ ಹೋಗಿ ಜನರೇಟರ್ ಬರುವ ಆ ಗ್ಯಾಪ್‌ನಲ್ಲಿ ಮಾಡೆಲರ್ ಆಫ್ ಆಗುತ್ತದೆ, ಮತ್ತೆ ಬೂಟ್ ಆಗುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ. ನಾಲ್ಕು ಸಾವಿರದ ಕಂಪ್ಯೂಟರ್ ಯುಪಿಎಸ್ ಸಾಕು. ಅದಕ್ಕೆ ಮಾಡೆಲರ್ ಮತ್ತು ಮಿಕ್ಸರ್ ಎರಡನ್ನು ಮಾತ್ರ ಹಾಕಿ. ಪವರ್ಡ್ ಸ್ಪೀಕರ್ ಹಾಕಿದರೆ ಬ್ಯಾಟರಿ ತಡೆಯುವುದಿಲ್ಲ.