ಆಯಿಯ ಚಿತ್ರಗಳ ಹಿಂಬದಿ

ತೀರಿಕೊಂಡಾಗ ಆಯಿಗೆ, ಅಂದರೆ ನಮ್ಮ ಅಜ್ಜಿಗೆ, 92. ಬಾಗಲಕೋಟೆ ನವನಗರದ ಮನೆಯಲ್ಲಿ ಅವಳ ಮಂಚದ ಕೆಳಗೆ ಎರಡು ಟ್ರಂಕು ಇದ್ದವು. ಒಂದರಲ್ಲಿ ಕೌದಿ, ಇನ್ನೊಂದರಲ್ಲಿ ಚಿತ್ರ. ವರ್ಷದ ಪುಣ್ಯತಿಥಿಗೆ ಚಿತ್ರಗಳನ್ನೆಲ್ಲ ಪಡಸಾಲೆಯಲ್ಲಿ ತೂಗುಹಾಕೋಣ ಅಂತ ನಾನೇ ಬಾಯಿಬಿಟ್ಟೆ. ಹೇಳಿದವನೇ ಮಾಡಬೇಕು, ಅಲ್ವಾ?

ಎಣಿಸಿದರೆ 140 ಹಾಳೆ. ಡ್ರಾಯಿಂಗ್ ಹಾಳೆ ಕಡಿಮೆ. ಹಳೆ ಕ್ಯಾಲೆಂಡರ್, ಮದುವೆ ಕಾರ್ಡು, ಸೀರೆ ಡಬ್ಬಿಯ ರಟ್ಟು, ಒಂದು ಬದಿ ಖಾಲಿ ಸಿಕ್ಕರೆ ಸಾಕು, ಬರೆದಿದ್ದಾಳೆ. ಎಲ್ಲೂ ತಾರೀಖಿಲ್ಲ, ಸಹಿಯಿಲ್ಲ.

ಮೊದಲ ವಾರವೇ ಒಂದನ್ನು ಕೆಡಿಸಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಜೋಡೆತ್ತು, ಮೇಣದ ಬಣ್ಣದಲ್ಲಿ ಬರೆದದ್ದು. ಅಂಚು ಹರಿದಿತ್ತು, ಗಟ್ಟಿಯಾಗಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ಟೆ. ಆ ಯಂತ್ರ ಬಿಸಿಯಿಂದ ಪ್ಲಾಸ್ಟಿಕ್ ಅಂಟಿಸುತ್ತದೆ. ಬಿಸಿಗೆ ಮೇಣ ಸುಮ್ನೆ ಇರುತ್ತದೆಯೇ? ಕರಗಿ, ಎತ್ತಿನ ಕೋಡು ಬೆನ್ನ ಮೇಲೆ ಬಂದು ಕೂತಿತು. ಬಿಡಿಸಲು ಹೋದರೆ ಹಾಳೆಯೇ ಕಿತ್ತು ಬರುತ್ತದೆ. ತಪ್ಪು ಅಂಗಡಿಯವನದಲ್ಲ, ನನ್ನದು. ಆಮೇಲೆ ಲ್ಯಾಮಿನೇಷನ್ ಇಲ್ಲ, ಟೇಪ್ ಇಲ್ಲ. ಎರಡು ಬಟರ್ ಪೇಪರ್ ನಡುವೆ ಇಟ್ಟು ರಟ್ಟಿನ ಫೈಲಿಗೆ ಸೇರಿಸಿದೆ, ಅಷ್ಟೇ.

ಫೋಟೋ ತೆಗೆಯಲು ಕಟ್ಟೆಯ ನೆರಳು ಸಾಕಾಯಿತು. ಫ್ಲಾಶ್ ಹಾಕಿದರೆ ನಡುವೆ ಬಿಳಿ ಮಚ್ಚೆ ಬೀಳುತ್ತಿತ್ತು. ಹಾಳೆ ನೆಲದ ಮೇಲೆ, ನಾನು ಸ್ಟೂಲಿನ ಮೇಲೆ. ಅಣ್ಣನ ಮಗಳು ಹಿಂಬದಿಯ ಮೂಲೆಗೆ ಪೆನ್ಸಿಲಿನಲ್ಲಿ ನಂಬರ್ ಹಾಕುತ್ತಿದ್ದಳು. ಅವಳೇ ಕೇಳಿದ್ದು: "ಕಾಕಾ, ಹಿಂದ ಏನೇನೋ ಬರದಾರಲ್ಲ, ಅದರ ಫೋಟೋ ಬ್ಯಾಡನು?"

ನಾನು ಅದುವರೆಗೆ ತಿರುಗಿಸಿ ನೋಡೇ ಇರಲಿಲ್ಲ. ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಆಯಿಯ ಅಕ್ಷರ. 'ಹಾಲು ಅರ್ಧ.' 'ಹಾಲು ಇಲ್ಲ.' 'ಸಣ್ಣವಗ ಜ್ವರ.' 'ಗಿರಣಿ 2 ರೂ.' 'ದೊಡ್ಡಾಕಿ ಬಂದಳು.' ಎಂಟು ದಿನ ಬಿಟ್ಟು, 'ದೊಡ್ಡಾಕಿ ಹೋದಳು.' ತಿಂಗಳು ಮುಗಿಯುವವರೆಗೆ ಅದು ಐದು ಮಕ್ಕಳ ಮನೆಯ ಲೆಕ್ಕದ ಹಾಳೆ. ಮುಗಿದ ಮೇಲೆ ಚಿತ್ರದ ಹಾಳೆ. ಮತ್ತೆ ಮೊದಲಿನಿಂದ ಎರಡೂ ಬದಿ ಫೋಟೋ ತೆಗೆದೆವು.

ಕಾಲ ಗೊತ್ತುಮಾಡಲೂ ಅದೇ ದಾರಿ ಆಯಿತು. 1986ರ ಜೂನ್ ಹಾಳೆಯ ಹಿಂದಿನ ಚಿತ್ರ ಆ ಜೂನಿಗಿಂತ ಹಳೆಯದಂತೂ ಅಲ್ಲ. ನಂತರದ್ದಿರಬಹುದು, ಯಾಕೆಂದರೆ ಆಯಿ ಹಾಳೆ ಕೂಡಿಡುವವಳು. ಹಾಗಾಗಿ 'ಇಸವಿ 1986' ಅಂತ ಬರೆಯದೆ '1986 ಅಥವಾ ಆಮೇಲೆ' ಅಂತ ಬರೆದೆ.

ಅವಳು ಇದ್ದಾಗಲೇ ಎರಡು ಸಲ ಫೋನಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿದ್ದೆ. ಮೊದಲ ಸಲ "ನಿನ್ನ ಜೀವನದ್ದು ಹೇಳ ಆಯಿ" ಅಂದೆ. "ಏನೈತಪಾ ಹೇಳಾಕ? ರೊಟ್ಟಿ ಬಡದೆ, ಮಕ್ಕಳ್ನ ಬೆಳಸಿದೆ" ಅಂದಳು, ಮುಗಿಯಿತು. ಮಿಕ್ಕಿದ್ದು ಬರೀ ಫ್ಯಾನಿನ ಸದ್ದು. ಎರಡನೇ ಸಲ ಫ್ಯಾನ್ ಬಂದ್ ಮಾಡಿ, ಕೈಗೆ ಬಾದಾಮಿಯ ಚಿತ್ರ ಕೊಟ್ಟೆ. 40 ನಿಮಿಷ ಮಾತಾಡಿದಳು. ಅಲ್ಲಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನವಿದೆ, ಹಳೆ ಬಣ್ಣದ ಚಿತ್ರಗಳ ತುಣುಕುಗಳೂ ಉಳಿದಿವೆ. ಶಾಸನ ಅವಳಿಗೆ ಬೇಡವಾಗಿತ್ತು. "ಬಣ್ಣ ಇನ್ನೂ ಐತಲ್ಲೋ! ನಮ್ಮ ಗ್ವಾಡಿ ನೋಡು, ಎರಡು ದಸರಾ ತಡಿಯೂದಿಲ್ಲ."

ಆ ಗೋಡೆಗಳ ಕತೆ ಬೇರೆ. ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅದರ ಗೋಡೆಗಳಿಗೆ ಆಯಿ ಸುಣ್ಣ ಬಳಿದು ಕೆಮ್ಮಣ್ಣು, ನೀಲಿ, ದೀಪದ ಕಾಡಿಗೆಯಲ್ಲಿ ಗಿಣಿ, ತೇರು, ಬಳ್ಳಿ ಬರೆಯುತ್ತಿದ್ದಳು. ಮನೆ ಬಿಡುವಾಗ ನಾವು ಗಂಡಸರು ಬಾಗಿಲು, ತೊಲೆ, ಕಿಟಕಿ ಕಿತ್ತು ಟ್ರ್ಯಾಕ್ಟರಿಗೆ ಹೇರುವುದರಲ್ಲಿದ್ದೆವು. ಅವಳು ಗೋಡೆಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿಕೊಂಡಿದ್ದಳು. 11 ಹಾಳೆ. ಯಾರಿಗೂ ಹೇಳಿರಲಿಲ್ಲ. ದೀಪದ ಗೂಡು, ಅಜ್ಜನ ಟೊಪ್ಪಿಗೆಯ ಗೂಟ, ಕೊನೆಗೆ ಸ್ವಿಚ್ ಬೋರ್ಡನ್ನೂ ಬಿಟ್ಟಿಲ್ಲ. ಬೋರ್ಡಿನಿಂದಲೇ ನನಗೆ ಅದು ನಮ್ಮ ಪಡಸಾಲೆ ಅಂತ ಗೊತ್ತಾಗಿದ್ದು.

ಪುಣ್ಯತಿಥಿಯ ದಿನ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ. ಮಿಕ್ಕವನ್ನು ಇಸವಿಯ ಪ್ರಕಾರ, ಈ 11 ಹಾಳೆಗಳನ್ನು ತಲೆಬಾಗಿಲಿನಿಂದ ಅಡುಗೆಮನೆವರೆಗೆ ಮನೆಯ ಪ್ರಕಾರ. ಕ್ಲಿಪ್ಪಿನ ಜಾಗದಲ್ಲಿ ರಟ್ಟಿನ ತುಂಡು ಇಡಬೇಕು, ಇಲ್ಲದಿದ್ದರೆ ಹಲ್ಲು ಮೂಡುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಗೊತ್ತಿದ್ದವರು ನಂಬರ್ ಹಾಕಿ ಬರೆಯಿರಿ ಅಂದೆ. ಮೊದಲ ಒಂದು ತಾಸು ಯಾರೂ ಪೆನ್ನು ಮುಟ್ಟಲಿಲ್ಲ. ಆಮೇಲೆ ದೊಡ್ಡ ಸೋದರತ್ತೆ ಬಂದು ಆರನೇ ಹಾಳೆಯ ಮುಂದೆ ನಿಂತಳು. "ಇದು ದೇವರ ಕೋಣಿ ಗ್ವಾಡಿ. ಇಲ್ಲ್ಯಾಕ ಹಾಕೀಯೋ?" ಚಿಗವ್ವ ಅಲ್ಲ ಅಂದಳು. ಜಗಳ ಊಟ ಬಡಿಸುವವರೆಗೂ ನಡೆಯಿತು. ನೋಟ್‌ಬುಕ್ಕಿನಲ್ಲಿ ಎರಡೂ ಮಾತು ಬರೆಸಿದೆ. ಆರು, ಏಳು ಅದಲುಬದಲಾದವು.

ಹನ್ನೊಂದನೆಯದು ಅಡುಗೆಮನೆ. ಒಲೆಯ ಮೇಲಿನ ಬಳ್ಳಿ ಅರ್ಧಕ್ಕೆ ನಿಂತಿದೆ, ಎಲೆಗಳಿಗೆ ಬಣ್ಣವಿಲ್ಲ. ಮುಗಿಸಲು ಪುರುಸೊತ್ತು ಸಿಗಲಿಲ್ಲವೇನೋ ಅಂದುಕೊಂಡಿದ್ದೆ. ತಿರುಗಿಸಿದರೆ ಸಂತೆಯ ಚೀಟಿ: ಶೇಂಗಾ ಎಣ್ಣಿ 2 ಕೆಜಿ, ಬೆಲ್ಲ, ಕಡ್ಡಿಪೆಟ್ಟಿಗಿ. ಅದರ ಕೆಳಗೆ, 'ಹಸರ ಬಣ್ಣ ತೀರೇತಿ.'