ಕಾಫಿ ಬೀಜದಷ್ಟಿದ್ದಾಗಲೇ ಬೆರಳಿಗೆ ಸಿಗಬೇಕು: ಲೈನ್ ಮನೆಗಳಲ್ಲಿ ಸ್ತನ ತಪಾಸಣೆ

ಕೊಡಗಿನ ಕಾಫಿ ತೋಟದ ಕೂಲಿಯವರಿರುವ ಲೈನ್ ಮನೆಗಳಲ್ಲಿ ಹೆಂಗಸರ ಸ್ತನವನ್ನು ಕೈಯಿಂದ ಮುಟ್ಟಿ ಕ್ಯಾನ್ಸರ್ ಗಂಟು ಹುಡುಕುತ್ತೇವೆ ಎಂದಾಗ “ಲೈನ್ ಮನೆ ಹೆಂಗಸರು ರವಿಕೆ ಬಿಚ್ಚುವುದುಂಟಾ?” ಎಂದು ನಕ್ಕವರು ಒಬ್ಬಿಬ್ಬರಲ್ಲ. “ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲದೆ ಬರಿಗೈಲಿ ಏನು ಕಂಡುಹಿಡೀತೀರಿ?” ಎಂಬುದು ಓದಿದವರ ಪ್ರಶ್ನೆ. ಎರಡನೆಯದಕ್ಕೆ ಮುಂಬೈಯ ಟಾಟಾ ಆಸ್ಪತ್ರೆಯವರೇ ಉತ್ತರ ಕೊಟ್ಟಿದ್ದಾರೆ. 1998ರಲ್ಲಿ ಶುರುವಾದ ಆ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಪರೀಕ್ಷಿಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರ ಫಲಿತಾಂಶದ ಪ್ರಕಾರ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಮೊದಲನೆಯ ಪ್ರಶ್ನೆಗೆ ಉತ್ತರ ಸಿದ್ದಾಪುರ, ಸುಂಟಿಕೊಪ್ಪ ಕಡೆಯ ತೋಟಗಳಲ್ಲಿ ಸಿಕ್ಕಿತು.

ಸೋತ ದಾರಿಗಳೇ ಹೆಚ್ಚು. ಜೀಪಿಗೆ ಮೈಕು ಕಟ್ಟಿ ಶಾಲೆಯಲ್ಲಿ ಶಿಬಿರ ಮಾಡಿದರೆ ಬಿಪಿ, ಶುಗರ್ ನೋಡಿಸಿಕೊಂಡು ಹೊರಟೇ ಹೋಗುತ್ತಾರೆ. ಸಿಬ್ಯಾಕ್ ಫಾರಂ (ಆಶಾಗಳು ಮನೆಮನೆಯಲ್ಲಿ ತುಂಬಿಸುವ ಆರೋಗ್ಯ ಪ್ರಶ್ನಾವಳಿ) ಹಿಡಿದು ಬಾಗಿಲಲ್ಲಿ ನಿಂತು “ಅಕ್ಕಾ, ಎದೆಯಲ್ಲಿ ಗಂಟು ಉಂಟಾ?” ಎಂದರೆ ಎಲ್ಲರದ್ದೂ “ಇಲ್ಲ”. ಗಂಡನೋ ಮಾವನೋ ಪಕ್ಕದಲ್ಲೇ ಇರುತ್ತಾರೆ. ಮೇಲಾಗಿ ನೋಯದ್ದು ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ, ಆರಂಭದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೂ ಇಲ್ಲ. ‘ನೀವೇ ಪರೀಕ್ಷಿಸಿಕೊಳ್ಳಿ’ ಎಂಬ ಕರಪತ್ರದಿಂದಲೂ ಹೆಚ್ಚು ನಿರೀಕ್ಷಿಸಬೇಡಿ. ಶಾಂಘೈಯ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆ ಕಲಿಸಿದರೂ ಸಾವು ಇಳಿಯಲಿಲ್ಲ, ಸುಮ್ಮನೆ ಮಾಡಿಸಿದ ಬಯಾಪ್ಸಿಗಳಷ್ಟೇ (ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ) ಹೆಚ್ಚಾದವು.

ಫಲ ಕೊಟ್ಟದ್ದು ಹೀಗೆ. ರೊಬಸ್ಟಾ ಕೊಯ್ಲು ಮುಗಿಯುವ ತನಕ ತೋಟಕ್ಕೆ ಹೋಗಬೇಡಿ. ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ಯಾರೂ ನಿಲ್ಲುವುದಿಲ್ಲ. ಜೂನ್ ಆದರೆ ಮಳೆ, ಕತ್ತಲು, ಕರೆಂಟಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ಏಪ್ರಿಲ್, ಮೇ ಸರಿಯಾದ ಕಾಲ. ಜಾಗ ತೋಟದ ಶಿಶುವಿಹಾರದ ಕೋಣೆ, ಒಳಗಿನಿಂದ ಚಿಲಕ ಇರಲೇಬೇಕು. ಮೊದಲು ವಯಸ್ಸಾದ ಅಮ್ಮಂದಿರನ್ನು ನೋಡಿ, ಉಳಿದವರು ತಾವೇ ಬರುತ್ತಾರೆ. ಕೂಲಿ ಕಡಿಯದೆ ಅರ್ಧ ಗಂಟೆ ಬಿಡಲು ರೈಟರನ್ನು (ತೋಟದ ಲೆಕ್ಕ ನೋಡುವವರನ್ನು) ಹೇಗೆ ಒಪ್ಪಿಸಿದೆವು ಎಂಬುದು ಮಾತ್ರ ನಮ್ಮಲ್ಲೇ ಇರಲಿ.

ಬೆರಳು ಪಳಗಿಸಲು ಸ್ತನದ ಸಿಲಿಕೋನ್ ಮಾದರಿ ಕೊಳ್ಳಲು ಹೋದರೆ ಐದಾರು ಸಾವಿರ ಕೇಳಿದರು. ಬದಲಿಗೆ ಏನೇನೋ ಮಾಡಿ ನೋಡಿದೆವು. ಚೈನಾ ಗ್ರಾಸ್ ಜೆಲ್ಲಿ ಮೊದಲು ಚೆನ್ನಾಗಿತ್ತು, ಆಮೇಲೆ ನೀರು ಬಿಟ್ಟು ಇರುವೆ ಮುತ್ತಿತು. ರಾಗಿ ಹಿಟ್ಟು ಗಟ್ಟಿಯಾಗಿ ಒಡೆಯಿತು. ಕೊನೆಗೆ ನಿಂತದ್ದು ಹಳೆ ಹಾಸಿಗೆಯ ಎರಡಿಂಚು ಸ್ಪಂಜು ಎರಡು ಪದರ, ನಡುವೆ ಬೂರುಗದ ಹತ್ತಿ, ಮೇಲೆ ಕಾಲುಚೀಲದ ಬಟ್ಟೆ. ಖರ್ಚು ನೂರೈವತ್ತರ ಒಳಗೆ. ಒಳಗೆ ಕರಿಮೆಣಸು ಇಟ್ಟರೆ ಅರ್ಧ ಸೆಂಟಿಮೀಟರ್ ಗಂಟು, ಒಣ ಕಾಫಿ ಬೀಜ ಇಟ್ಟರೆ ಒಂದು, ಅಡಿಕೆ ಇಟ್ಟರೆ ಎರಡು ಅಥವಾ ಸ್ವಲ್ಪ ಹೆಚ್ಚು. ದುಂಡಗೆ ಕತ್ತರಿಸಿದ ರಬ್ಬರ್ ಜಾರುವ ಫೈಬ್ರೋಅಡಿನೋಮಾಕ್ಕೆ (ಕ್ಯಾನ್ಸರ್ ಅಲ್ಲದ ಗಂಟು), ನೀರು ತುಂಬಿದ ಪುಟ್ಟ ಬಲೂನು ನೀರುಗುಳ್ಳೆಗೆ. ಕಾಫಿ ಬೀಜ ಒತ್ತಿದಾಗ ಅಲುಗದ ಹಾಗೆ ತಳಕ್ಕೆ ಹಿಡಿಸುವುದೇ ಕಷ್ಟ. ಅದನ್ನು ಬರೆದು ತಿಳಿಸಲಾಗದು, ಬಂದರೆ ತೋರಿಸುತ್ತೇವೆ. ಕಾಫಿ ಬೀಜ ತಪ್ಪದೆ ಹುಡುಕುವ ತನಕ ಯಾರನ್ನೂ ಲೈನಿಗೆ ಕಳಿಸಬೇಡಿ.

ಮುಟ್ಟುವುದಕ್ಕಿಂತ ಮೊದಲು ನೋಡಬೇಕು, ಹಲವರು ಇದನ್ನೇ ಹಾರಿಸುತ್ತಾರೆ. ಕೂರಿಸಿ, ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ಎದುರು ಬೆಳಕಿನಲ್ಲಿ ಸಣ್ಣ ಕುಳಿ ಕಾಣುವುದೇ ಇಲ್ಲ. ಕೈ ಮೇಲೆತ್ತಿಸಿ, ಆಮೇಲೆ ಸೊಂಟಕ್ಕೆ ಒತ್ತಿಸಿ, ಕೊನೆಗೆ ಮುಂದಕ್ಕೆ ಬಾಗಿಸಿ. ಎದೆಯ ಸ್ನಾಯು ಬಿಗಿದಾಗ ಒಳಗೆ ಹಿಡಿದುಕೊಂಡ ಗಂಟು ಚರ್ಮವನ್ನು ಎಳೆಯುತ್ತದೆ. ಒಂದೇ ಕಡೆ ಹೊಸದಾಗಿ ಒಳಸೇರಿದ ತೊಟ್ಟು, ಕೊಡಗಿನ ಕಿತ್ತಳೆ ಸಿಪ್ಪೆಯಂತೆ ರಂಧ್ರ ರಂಧ್ರವಾಗಿ ದಪ್ಪಗಾದ ಚರ್ಮ, ಒಂದು ಕಡೆ ಮಾತ್ರ ಕೆಂಪು ಬಾವು: ಇವಕ್ಕೆ ಗಂಟು ಸಿಗದಿದ್ದರೂ ಕಳಿಸಬೇಕು. ಹಾಲುಣಿಸುವವರ ಬಾವಿಗೆ ಆ್ಯಂಟಿಬಯಾಟಿಕ್ ಕೊಡುವುದು ಸರಿ, ಆದರೆ ಒಂದು ಕೋರ್ಸ್ ಮುಗಿದರೂ ಇಳಿಯದಿದ್ದರೆ ಎರಡನೆಯದಕ್ಕೆ ಕಾಯಬೇಡಿ. ಒಂದೇ ತೊಟ್ಟಿನಲ್ಲಿ ಕಜ್ಜಿಯಂತೆ ಸುಲಿದು ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದರೆ ಅದು ಪ್ಯಾಜೆಟ್, ಅಂದರೆ ತೊಟ್ಟಿನ ಕ್ಯಾನ್ಸರ್, ಇರಬಹುದು.

ಆಮೇಲೆ ಮಲಗಿಸಿ, ಆ ಕಡೆಯ ಕೈ ತಲೆಯಡಿಗೆ, ಭುಜದಡಿಗೆ ಮಡಿಸಿದ ಕಂಬಳಿ. ನಡುವಿನ ಮೂರು ಬೆರಳುಗಳ ಮೆತ್ತೆ ಭಾಗ ಬಳಸಿ, ತುದಿಯಲ್ಲ. ಕಂಕುಳ ಗೆರೆಯಿಂದ ಎದೆಮೂಳೆಯವರೆಗೆ, ಕೊರಳೆಲುಬಿನಿಂದ ಕೆಳಮಡಿಕೆಯವರೆಗೆ ಸಾಲು ಹಿಡಿದು ಬನ್ನಿ. ಪ್ರತಿ ಜಾಗದಲ್ಲಿ ಸಣ್ಣ ಸುತ್ತು, ಮೂರು ಒತ್ತು: ಹಗುರ, ಮಧ್ಯಮ, ಪಕ್ಕೆಲುಬು ತಾಗುವಷ್ಟು. ಬೆರಳು ಎತ್ತದೆ ಜಾರಿಸಿ, ಸೋಪಿನ ನೀರು ಹಚ್ಚಿದರೆ ಸುಲಭ. ಒಂದು ಬದಿಗೆ ಮೂರು ನಿಮಿಷವಾದರೂ ಬೇಕು. ಮೇಲಿನ ಹೊರಭಾಗದಲ್ಲೇ ಅರ್ಧದಷ್ಟು ಗಂಟು ಬರುವುದರಿಂದ ಅಲ್ಲಿ ಅವಸರ ಬೇಡ. ಕಂಕುಳು ನೋಡುವಾಗ ಅವರ ತೋಳಿನ ಭಾರವನ್ನು ನಿಮ್ಮ ಕೈಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಸ್ನಾಯು ಬಿಗಿದು ಏನೂ ಸಿಗದು. ಪಕ್ಕೆಲುಬು ಮತ್ತು ಕೆಳಮಡಿಕೆಯ ದಿಂಡು ಹೊಸಬರನ್ನು ಮೋಸಗೊಳಿಸುತ್ತವೆ. ಅಂಥದೇ ಇನ್ನೊಂದು ಬದಿಯಲ್ಲೂ ಇದ್ದರೆ ಬಿಡಿ. ಮುಟ್ಟಾಗುವವರನ್ನು ಮುಟ್ಟು ಶುರುವಾಗಿ 7ರಿಂದ 10 ದಿನಕ್ಕೆ ಕರೆಯಿರಿ. ತೊಟ್ಟು ಹಿಂಡಬೇಡಿ, ತಾನಾಗಿ ಒಂದೇ ಕಡೆಯಿಂದ ರಕ್ತವೋ ತಿಳಿನೀರೋ ಬಂದರೆ ಮಾತ್ರ ಲೆಕ್ಕ.

ಗಂಡಸರಿಗೂ ಬರುತ್ತದೆ, ನೂರರಲ್ಲಿ ಒಂದರಷ್ಟು. ನಕ್ಕ ಮೇಸ್ತ್ರಿಗಳಿಗೆ ತೊಟ್ಟಿನಡಿ ಗಟ್ಟಿ ಬಿಲ್ಲೆ ಇದೆಯಾ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದೇವೆ.

ನೂರು ಜನರನ್ನು ನೋಡಿದರೆ ನಾಲ್ಕೈದು ಜನ ಸ್ಕ್ಯಾನಿಗೆ ಹೋಗಬೇಕಾಗುತ್ತದೆ, ಅವರಲ್ಲಿ ಹೆಚ್ಚಿನವರದು ಕ್ಯಾನ್ಸರ್ ಅಲ್ಲ. ಇದನ್ನು ಮೊದಲೇ ಹೇಳಿ, ಭಯಕ್ಕೇ ನಾಟಿ ಔಷಧದ ಲೇಪದಲ್ಲಿ ತಿಂಗಳು ಕಳೆಯುವವರಿದ್ದಾರೆ. ಹಿಂದೆ ಚೀಟಿ ಕೊಟ್ಟು ಸುಮ್ಮನಾದಾಗ ಅರ್ಧ ಜನವೂ ಮಡಿಕೇರಿ ಮುಟ್ಟುತ್ತಿರಲಿಲ್ಲ. ಸರ್ಕಾರಿ ಬಸ್ ಹೆಂಗಸರಿಗೆ ಉಚಿತವಾದರೂ ತೋಟದ ಕಡೆ ಓಡುವುದು ಖಾಸಗಿ ಬಸ್ಸು, ಆಟೋ. ಒಂದು ದಿನದ ಕೂಲಿಯೂ ಸೇರಿ ಸಾವಿರದ ಹತ್ತಿರ ಹೋಗುತ್ತದೆ. ಈಗ ನಾಲ್ಕೈದು ಜನರನ್ನು ಒಂದೇ ದಿನ, ಒಂದೇ ಜೀಪಿನಲ್ಲಿ, ಆಶಾ ಜೊತೆಗೆ ಕಳಿಸುತ್ತೇವೆ. ಬಿಡುವವರು ಅಪರೂಪ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರ್ ಮೂರನ್ನೂ ಒಯ್ಯಲಿ.

“ಸೂಜಿ ಚುಚ್ಚಿದರೆ ಹರಡುತ್ತದೆ” ಎಂಬ ಮಾತು ಲೈನಿನಲ್ಲಿ ಮಾತ್ರ ಇಲ್ಲ, ಬಂಗಲೆಯಲ್ಲೂ ಇದೆ. ಹಾಗೇನೂ ಹರಡುವುದಿಲ್ಲ. ಬಯಾಪ್ಸಿ ಮಾಡದೆ “ಮೊದಲು ಗಂಟು ತೆಗೆದುಬಿಡೋಣ” ಎನ್ನುವ ಕಡೆ ಆಪರೇಷನ್‌ಗೆ ಒಪ್ಪಬೇಡಿ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂದರೂ ಬೆರಳಿಗೆ ಗಟ್ಟಿಯಾಗಿ, ಅಂಚು ಒರಟಾಗಿ, ಅಲುಗದೆ ಸಿಗುತ್ತಿದ್ದರೆ ರಿಪೋರ್ಟ್ ನಂಬಿ ಮನೆಗೆ ಕಳಿಸಬೇಡಿ, ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ಚೂರು ತೆಗೆಯುವುದು) ಕೇಳಿ.